ಗೆರೆಯಣ್ಣ ಮತ್ತು ಸೊಟ್ಟ ರೆಕಾರ್ಡು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಲಾಂಡ್ರಿಗೆ ಸೇರಿದ ಎರಡನೆಯ ವರ್ಷಕ್ಕೇ ಅದು ಮೂಲೆಗೆ ಬಿದ್ದು, ಎಲ್ಲರ ಬಾಯಲ್ಲೂ ಅವನು ಗೆರೆಯಣ್ಣ ಆಗಿಹೋದ. ಕಾರಣ ಇಷ್ಟೇ. ಅವನು ಒಂದು ಪ್ಯಾಂಟಿಗೆ ಇಸ್ತ್ರಿ ಮಾಡಿಕೊಟ್ಟನೆಂದರೆ, ಸೊಂಟದಿಂದ ಪಾದದವರೆಗೆ ಇಳಿಯುವ ಆ ಗೆರೆಯನ್ನು ನೋಡಿ ತೊಟ್ಟವನಿಗೆ ಕೂರುವುದಕ್ಕೇ ಮನಸ್ಸು ಬರುತ್ತಿರಲಿಲ್ಲ. ಮದುವೆ ಗಂಡುಗಳು, ಇಂಟರ್‌ವ್ಯೂಗೆ ಹೊರಟವರು, ಕೋರ್ಟಿಗೆ ಹೋಗುವವರು 'ಗೆರೆಯಣ್ಣನ ಕೈಗೇ ಕೊಡಿ' ಎಂದು ಹೇಳಿ ಬಟ್ಟೆ ಇಟ್ಟುಹೋಗುತ್ತಿದ್ದರು. ಅಂಥ ಮಾತು ಮೂವತ್ತು ವರ್ಷ ಕಿವಿಗೆ ಬೀಳುತ್ತಲೇ ಇದ್ದರೆ ಯಾರಿಗೆ ತಾನೆ ಸ್ವಲ್ಪ ಕೊಬ್ಬು ಬರುವುದಿಲ್ಲ, ನೀವೇ ಹೇಳಿ.

ಲಾಂಡ್ರಿ ಎಂದರೆ ಉದ್ದನೆಯ ಒಂದೇ ಕೋಣೆ. ಒಂದು ಗೋಡೆಗೆ ಒಗೆಯುವ ಯಂತ್ರಗಳು, ಎದುರು ಗೋಡೆಗೆ ಒಣಗಿಸುವ ಯಂತ್ರಗಳು, ನಡುವೆ ಹೋಟೆಲುಗಳಿಂದ ಬಂದ ಬೆಡ್‌ಶೀಟುಗಳ ಗುಡ್ಡೆ. ಕಿಟಕಿಯ ಪಕ್ಕದ ಮೇಜು ಗೆರೆಯಣ್ಣನದು. ದಪ್ಪ ಕಂಬಳಿ ಹಾಸಿ ಮೇಲೆ ಬಿಳಿ ಹತ್ತಿಬಟ್ಟೆ ಬಿಗಿದ ಆ ಮೇಜಿನ ಮೇಲೆ ಇನ್ನೊಬ್ಬರು ಇಸ್ತ್ರಿಪೆಟ್ಟಿಗೆ ಇಟ್ಟರೆ ಅವತ್ತು ಲಾಂಡ್ರಿಯಲ್ಲಿ ದೊಡ್ಡ ರಂಪವೇ. ಶಾಖ ಎಷ್ಟಿದೆಯೆಂದು ನೋಡಲು ಅವನಿಗೆ ಪೆಟ್ಟಿಗೆಯ ಮೇಲಿನ ಅಂಕಿ ಬೇಕಿರಲಿಲ್ಲ. ಬೆರಳನ್ನು ನಾಲಿಗೆಗೆ ತಾಗಿಸಿ ಪೆಟ್ಟಿಗೆಯ ತಳಕ್ಕೆ ಮುಟ್ಟಿಸಿದರೆ ಸಾಕು, ಚುಸ್ ಎನ್ನುವ ಸದ್ದಿನಲ್ಲೇ ಇದು ರೇಷ್ಮೆಗಾಯಿತು, ಇದು ಹತ್ತಿಗಾಯಿತು ಎಂದು ತಿಳಿದುಬಿಡುತ್ತಿತ್ತು. ಬಲ ಮುಂಗೈ ಮೇಲೆ ಹಳೆಯ ಸುಟ್ಟಗಾಯಗಳ ಕಲೆ ನಾಲ್ಕೈದಿದ್ದವು. ಕೇಳಿದವರಿಗೆಲ್ಲ ಅವನು ಅವನ್ನು ಪದಕ ತೋರಿಸಿದಂತೆ ತೋರಿಸುತ್ತಿದ್ದ.

ಮುದುರಿದ್ದು, ಸೊಟ್ಟಗಿದ್ದದ್ದು ಯಾವುದನ್ನೂ ಅವನ ಕಣ್ಣು ತಡೆದುಕೊಳ್ಳುತ್ತಿರಲಿಲ್ಲ. ಮಗಳ ಮುದುರಿಹೋದ ಅಂಕಪಟ್ಟಿಗೆ ಇಸ್ತ್ರಿ ಮಾಡಿದ್ದ. ಮಳೆಯಲ್ಲಿ ನೆನೆದ ದಿನಪತ್ರಿಕೆಗೆ ಮಾಡಿದ್ದ. ಪಕ್ಕದ ಮನೆಯವರ ಮದುವೆ ಕಾಗದಗಳು ಅಡ್ಡಾದಿಡ್ಡಿ ಮಡಿಸಿಕೊಂಡು ಬಂದಾಗ ಅಷ್ಟಕ್ಕೂ ಕೂತು ಮಾಡಿಕೊಟ್ಟಿದ್ದ. ಅವನ ಹೆಂಡತಿಯಂತೂ ಕನ್ನಡಿ ಮುಂದೆ ನಿಂತಾಗಲೆಲ್ಲ ಕೆನ್ನೆ ತೋರಿಸಿ, "ರೀ, ಹೇಗೂ ಪೆಟ್ಟಿಗೆ ಬಿಸಿ ಇದೆಯಲ್ಲ, ಇಲ್ಲೊಂದು ಸಲ ಎಳೆದುಬಿಡಿ" ಎಂದು ಚುಡಾಯಿಸುತ್ತಿದ್ದಳು. ಅವನು ನಗುತ್ತಿದ್ದ. ಒಳಗೊಳಗೇ, ಸರಿಯಾದ ಶಾಖ ಸಿಕ್ಕರೆ ಜಗತ್ತಿನಲ್ಲಿ ನೇರವಾಗದ ವಸ್ತು ಇಲ್ಲವೆಂದು ಅವನು ನಿಜವಾಗಿಯೂ ನಂಬಿದ್ದ.

ಇಂಥವನಿಗೆ ಒಬ್ಬಳು ಅಕ್ಕ. ಎಂಟು ವರ್ಷ ದೊಡ್ಡವಳು. ಗುಂಡಿ, ದಾರ, ಲೇಸು ಮಾರುವ ಅಂಗಡಿಯಲ್ಲಿ ಜೀವಮಾನವೆಲ್ಲ ದುಡಿದವಳು. ಮದುವೆ ಬೇಡವೆಂದಳು, ಬೇಡವೆಂದೇ ಉಳಿದಳು, ಅದರ ಬಗ್ಗೆ ಯಾರಾದರೂ ಬಾಯಿಬಿಟ್ಟರೆ ಅವರ ಬಾಯಿ ಮುಚ್ಚಿಸುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಬೀದಿ ಆಚೆ, ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳ ವಾಸ. ಮೂರು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆ ಎಂದರು, ಕೆಟ್ಟ ಗಡ್ಡೆ ಎಂದರು, ಜೀವ ಬೇಕಾದರೆ ದನಿ ಬಿಡಬೇಕು ಎಂದರು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಅವಳು ಕತ್ತಿನ ಬುಡದಲ್ಲಿರುವ ಸಣ್ಣ ತೂತಿನಿಂದ ಉಸಿರಾಡುತ್ತಿದ್ದಳು. ಅದರ ಮೇಲೊಂದು ತೆಳ್ಳನೆಯ ಬಿಳಿ ಬಟ್ಟೆ. ಆ ಬಟ್ಟೆಗಳನ್ನು ಇಸ್ತ್ರಿ ಮಾಡಿ ಡಬ್ಬಿಯಲ್ಲಿ ಜೋಡಿಸಿ ತರುವುದು ಗೆರೆಯಣ್ಣನ ವಾರದ ಕೆಲಸ.

ದನಿ ಹೋದರೂ ಅಕ್ಕನ ನಾಲಿಗೆಯ ಚುರುಕು ಹೋಗಿರಲಿಲ್ಲ, ಅದು ಬಳಪಕ್ಕೆ ಇಳಿದಿತ್ತು. ಕೈಯಲ್ಲೊಂದು ಸ್ಲೇಟು ಸದಾ ಇರುತ್ತಿತ್ತು. ತಮ್ಮ ಬಾಗಿಲಲ್ಲಿ ಕಾಣಿಸಿದ ಕೂಡಲೇ ಬರೆಯುವಳು: 'ಮತ್ತೆ ದಪ್ಪ ಆಗಿದೀಯ.' ಅವನು ಎದುರು ವಾದ ಮಾಡಿದರೆ, ಅವನ ಮಾತು ಮುಗಿಯುವ ಮೊದಲೇ ಸ್ಲೇಟು ಒರೆಸಿ ದೊಡ್ಡ ಅಕ್ಷರದಲ್ಲಿ, 'ಸಾಕು, ಬಾಯ್ಮುಚ್ಚು.' ಕರೆಯಬೇಕಾದರೆ ಚಪ್ಪಾಳೆ, ಕೋಪ ಬಂದರೆ ಎರಡು ಚಪ್ಪಾಳೆ. ಬದುಕು ಹಾಗೇ ಒಗ್ಗಿಹೋಗಿತ್ತು.

ಒಂದು ದಿನ ಮಧ್ಯಾಹ್ನ, ಗೆರೆಯಣ್ಣ ವೇಟರುಗಳ ಕೋಟಿಗೆ ಇಸ್ತ್ರಿ ಮಾಡುತ್ತಿದ್ದಾಗ, ಕಿಟಕಿಯಾಚೆ ಯಾರೋ ಹೆಂಗಸು ತನ್ನ ಮಗುವನ್ನು "ಪುಟ್ಟಾ" ಎಂದು ಕೂಗಿದಳು. ಐವತ್ತೆರಡು ವರ್ಷದ ಗಂಡಸು ತಟಕ್ಕನೆ ತಿರುಗಿದ. ಅಕ್ಕ ಅವನನ್ನು ಕರೆಯುತ್ತಿದ್ದದ್ದು ಹಾಗೇ. ತಿರುಗಿದವನಿಗೆ ತನ್ನ ಬಗ್ಗೆ ನಗು ಬಂತು. ಛೆ, ಅಕ್ಕನ ದನಿ ಹೀಗಿರಲಿಲ್ಲ ಎಂದುಕೊಂಡ. ಹಾಗಾದರೆ ಹೇಗಿತ್ತು?

ಅವನು ಪೆಟ್ಟಿಗೆಯನ್ನು ಕಬ್ಬಿಣದ ತಟ್ಟೆಯ ಮೇಲಿಟ್ಟು ನಿಂತ. ಅವಳು ಆಡಿದ ಮಾತುಗಳು ನೂರಾರು ನೆನಪಾದವು. ಬೈಗಳು ನೆನಪಾದವು. ಆದರೆ ಎಲ್ಲವೂ ಸ್ಲೇಟಿನ ಮೇಲೆ ಬರೆದಂತೆ ಸದ್ದಿಲ್ಲದೆ ಬಂದವು. ದನಿ ಮಾತ್ರ ಬರಲಿಲ್ಲ. ಕಣ್ಣು ಮುಚ್ಚಿಕೊಂಡ, ಕಿವಿಗೆ ಕೈ ಇಟ್ಟುಕೊಂಡ. ಊಹೂಂ. ಆಗಿನ್ನೂ ಪ್ರತಿಯೊಬ್ಬರ ಜೇಬಿಗೂ ಎಲ್ಲವನ್ನೂ ಹಿಡಿದಿಡುವ ಫೋನು ಬಂದಿರಲಿಲ್ಲ. ಅಕ್ಕನ ದನಿಯನ್ನು ಯಾರೂ ಎಲ್ಲೂ ಹಿಡಿದಿಟ್ಟಿರಲಿಲ್ಲ, ಒಂದೇ ಒಂದು ಕಡೆ ಬಿಟ್ಟು. ಮತ್ತು ಅದನ್ನು ಹಾಳುಮಾಡಿದವನು ಅವನೇ.

ಆ ಕಥೆ ಹೇಳಿಬಿಡುತ್ತೇನೆ. ಅಕ್ಕನಿಗೆ ಇಪ್ಪತ್ತೊಂದು ಆಗಿದ್ದಾಗ ನಾಲ್ವರು ಹುಡುಗರು ಗಿಟಾರು, ಡ್ರಮ್ಮು ಹೊಂದಿಸಿಕೊಂಡು 'ನಾಲ್ಕು ಚಕ್ರ' ಎಂಬ ತಂಡ ಕಟ್ಟಿ ಒಂದು ಪಾಪ್ ಆಲ್ಬಮ್ ಹೊರತಂದರು. ಕಪ್ಪು ತಟ್ಟೆಯಂಥ ರೆಕಾರ್ಡಿನ ಕಾಲ ಅದು. ಹಿಂದೆ ನಿಂತು ಕೋರಸ್ ಹಾಡಲು ಮೂವರು ಹುಡುಗಿಯರನ್ನು ತೆಗೆದುಕೊಂಡರು. ಮೂರನೆಯವಳು ಅಕ್ಕ. ವರ್ಷ ತುಂಬುವುದರೊಳಗೆ ನಾಲ್ಕು ಚಕ್ರವೂ ನಾಲ್ಕು ದಿಕ್ಕಿಗೆ ಉರುಳಿಹೋದವು, ಆ ಮಾತು ಬೇರೆ. ಆದರೆ ಆ ರೆಕಾರ್ಡಿನ ಎರಡನೆಯ ಮಗ್ಗುಲಿನ ಮೊದಲ ಹಾಡಿನಲ್ಲಿ, ವಾದ್ಯಗಳೆಲ್ಲ ಗಪ್ಪನೆ ನಿಂತು, ಒಬ್ಬಳೇ ಹುಡುಗಿ 'ಕಿಟಕಿ ತೆರೆದೇ ಇಟ್ಟಿದ್ದೆ, ನೀನು ಬಾಗಿಲು ಬಡಿದೆ' ಎಂದು ಹಾಡುತ್ತಿದ್ದಳು. ಆ ಒಂದು ಸಾಲು ಅಕ್ಕನದು. ಅಮ್ಮ ಅದನ್ನು ಮನೆಗೆ ಬಂದವರಿಗೆಲ್ಲ ಹಾಕಿ ಕೇಳಿಸುತ್ತಿದ್ದಳು. ಹಾಲಿನವನನ್ನೂ ಬಿಡಲಿಲ್ಲ, ಮೀಟರು ನೋಡಲು ಬಂದವನನ್ನೂ ಬಿಡಲಿಲ್ಲ. ಆ ಸಾಲು ಬಂದ ಕೂಡಲೇ, "ಇದೇ! ಇದೇ ನಮ್ಮ ಹುಡುಗಿ!" ಎಂದು ಮೊಣಕಾಲು ತಟ್ಟಿಕೊಳ್ಳುವಳು. ಅಕ್ಕ ಮಾತ್ರ ರೆಕಾರ್ಡು ತಿರುಗತೊಡಗಿದರೆ ಸಾಕು, ಟೀ ಇಡುವ ನೆವದಲ್ಲಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಎಷ್ಟು ನಾಚಿಕೆ ನೋಡಿ ಎಂದು ಬಂದವರೂ ಮೆಚ್ಚುತ್ತಿದ್ದರು.

ಅಮ್ಮ ಹೋದ ಮೇಲೆ ಆ ಮನೆ ಖಾಲಿ ಮಾಡಬೇಕಾಯಿತು. ಬೇಕಾದ್ದು ಒಂದು ಕಡೆ, ಬೇಡದ್ದು ಒಂದು ಕಡೆ ಗುಡ್ಡೆ ಹಾಕುವ ಕೆಲಸ ಅವನ ಪಾಲಿಗೆ. ರೆಕಾರ್ಡಿನ ಡಬ್ಬವನ್ನು ಅವನು ಬೇಡದ ಗುಡ್ಡೆಗೆ ಇಟ್ಟುಬಿಟ್ಟ. ಬೇಕಂತಲೇ ಅಲ್ಲ, ಡಬ್ಬದ ಮೇಲೆ ಹಳೆಯ ಪರದೆ ಇತ್ತು, ಒಳಗೆ ನೋಡಲಿಲ್ಲ. ಗುಜರಿಯವನು ಗಾಡಿ ತುಂಬಿಕೊಂಡು ಹೋದ ಮೇಲೆ ಗೊತ್ತಾಯಿತು. ಅಕ್ಕ ಬಂದಳು, ಖಾಲಿ ಜಾಗ ನೋಡಿದಳು, "ಹೋಗ್ಲಿ ಬಿಡು" ಎಂದಳು, ಒಳಗೆ ಹೋಗಿ ಲೋಟ ತೊಳೆದಳು. ಅಷ್ಟೇ. ಅವಳು ಬೈದಿದ್ದರೆ ಅವನಿಗೆ ಅವತ್ತೇ ಹಗುರಾಗುತ್ತಿತ್ತು. ಬೈಯಲಿಲ್ಲ. ಆ ಎರಡು ಮಾತು ಇಪ್ಪತ್ತೇಳು ವರ್ಷ ಅವನ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು. ಈಗ ನೋಡಿದರೆ, ಅದನ್ನು ಅವಳು ಯಾವ ದನಿಯಲ್ಲಿ ಹೇಳಿದ್ದಳು ಎಂಬುದೂ ಮರೆತುಹೋಗಿತ್ತು.

ಅವತ್ತಿನಿಂದ ಅವನಿಗೆ ಹುಚ್ಚು ಹಿಡಿಯಿತು. ರಜೆ ಸಿಕ್ಕಿದಾಗೆಲ್ಲ ಹಳೆಯ ಸಾಮಾನಿನ ಅಂಗಡಿಗಳನ್ನು ಸುತ್ತಿದ. ಪುಸ್ತಕದ ಅಂಗಡಿ, ಗಡಿಯಾರದ ಅಂಗಡಿ, ಗುಜರಿ ರಾಶಿ, ಒಂದನ್ನೂ ಬಿಡಲಿಲ್ಲ. ಹೆಂಡತಿಗೆ ಮಾತ್ರ ವಿಷಯ ಹೇಳಿದ. ಅವಳು ಚುಡಾಯಿಸದೆ, "ಹುಡುಕಿ ರೀ, ಸಿಗತ್ತೆ" ಎಂದಷ್ಟೇ ಹೇಳಿ ಕೈಗೆ ತಿಂಡಿ ಡಬ್ಬಿ ಕೊಟ್ಟಳು.

ಐದನೆಯ ತಿಂಗಳಿಗೆ ಸಿಕ್ಕಿತು. ರೈಲ್ವೆ ಸೇತುವೆಯ ಕೆಳಗಿನ ಕಿರಿದಾದ ಅಂಗಡಿ. ಲ್ಯಾಂಪು, ಹೊಲಿಗೆ ಯಂತ್ರ, ಕಾಲು ಮುರಿದ ಕುರ್ಚಿಗಳ ನಡುವೆ ಮರದ ಪೆಟ್ಟಿಗೆಗಳಲ್ಲಿ ರೆಕಾರ್ಡುಗಳು ಸಾಲಾಗಿ ನಿಂತಿದ್ದವು. ಅಂಗಡಿಯಾಕೆ ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಪದಬಂಧ ತುಂಬುತ್ತ ಕೂತಿದ್ದಳು. ಗಿರಾಕಿ ಬಂದನಲ್ಲ ಎಂದು ತಲೆ ಎತ್ತುವ ಪೈಕಿ ಅಲ್ಲ. ಗೆರೆಯಣ್ಣ ಒಂದೊಂದೇ ಕವರನ್ನು ಮುಂದಕ್ಕೆ ಬಾಗಿಸಿ ನೋಡುತ್ತ ಹೋದ. ಮೂರನೆಯ ಪೆಟ್ಟಿಗೆಯಲ್ಲಿ ಕೈ ನಿಂತಿತು. ಕವರಿನ ಮೇಲೆ ಉದ್ದ ಕೂದಲಿನ ನಾಲ್ವರು ಹುಡುಗರು ಒಂದು ಮುರುಕು ಕಾರಿಗೆ ಒರಗಿ ನಿಂತಿದ್ದರು. ಅವರ ಹಿಂದೆ ಇಬ್ಬರು ಹುಡುಗಿಯರು. ಅಂಚಿನಲ್ಲಿ, ಅರ್ಧ ಮುಖ ಚಿತ್ರದಾಚೆಗೆ ಹೋಗಿ, ಒಂದು ಕಿವಿ, ಒಂದು ಜಡೆ, ಒಂದು ಕೈ ಮಾತ್ರ ಉಳಿದುಕೊಂಡವಳು ಅಕ್ಕ. ಅವನು ಅಲ್ಲೇ ಕೂತುಬಿಟ್ಟ.

"ಇವ್ರೇ, ಅದು ಮಾರೋ ಕುರ್ಚಿ. ಕಾಲಿಲ್ಲ ಅದಕ್ಕೆ" ಎಂದಳು ಅಂಗಡಿಯಾಕೆ.

ಅವನು ಎದ್ದು, ರೆಕಾರ್ಡನ್ನು ಎದೆಗೆ ಅವಚಿಕೊಂಡೇ ಅವಳ ಮುಂದೆ ಹೋಗಿ ನಿಂತ. ಅವಳು ಅದನ್ನು ಅವನ ಕೈಯಿಂದ ಬಿಡಿಸಿಕೊಂಡು, ಕವರಿನಿಂದ ತಟ್ಟೆಯನ್ನು ಹೊರಗೆಳೆದು, ಕಣ್ಣಿನ ಮಟ್ಟಕ್ಕೆ ಹಿಡಿದಳು. ಅಂಚು ಹಪ್ಪಳದ ಹಾಗೆ ಮೇಲಕ್ಕೂ ಕೆಳಕ್ಕೂ ಎದ್ದಿತ್ತು.

"ಇದನ್ನ ನಾನು ಮಾರಲ್ಲ. ಯಾರೋ ಪುಣ್ಯಾತ್ಮರು ಬಿಸಿಲಲ್ಲಿ ಇಟ್ಟಿದಾರೆ. ಪ್ಲೇಯರಿನ ಮುಳ್ಳು ಇಟ್ರೆ ಕುಪ್ಪಳಿಸತ್ತೆ. ನಾಳೆ ನೀವು ಬಂದು ನನ್ನ ಜೊತೆ ಜಗಳ ಆಡ್ತೀರ."

"ಜಗಳ ಆಡಲ್ಲ ಮೇಡಂ. ಇದರಲ್ಲಿ ನಮ್ಮಕ್ಕ ಹಾಡಿದಾಳೆ."

ಅವಳು ಕನ್ನಡಕದ ಮೇಲಿಂದ ಅವನನ್ನು ನೋಡಿದಳು. ಅವನು ಎಲ್ಲವನ್ನೂ ಹೇಳಿದ, ಗುಜರಿಯವನ ಗಾಡಿಯಿಂದ ಹಿಡಿದು ಗಂಟಲಿನ ತೂತಿನವರೆಗೆ. ಕೇಳಿ ಅವಳು ಪದಬಂಧ ಮಡಿಸಿಟ್ಟಳು. ಎರಡು ದಪ್ಪ ಗಾಜಿನ ಹಲಗೆ ತೋರಿಸಿ, "ಇದರ ನಡುವೆ ಇಟ್ಟು, ಮೇಲೆ ಭಾರ ಹೇರಿ, ಮೂರು ತಿಂಗಳು ಮರೆತುಬಿಡಬೇಕು. ತಾನಾಗೇ ಇಳಿಯತ್ತೆ. ಇಲ್ಲೇ ಬಿಟ್ಟು ಹೋಗಿ, ನಾನು ನೋಡ್ಕೋತೀನಿ" ಎಂದಳು.

"ಮೂರು ತಿಂಗಳಾ!"

"ಅವಸರ ಮಾಡಿ ಶಾಖ ಗೀಖ ಕೊಟ್ಟೀರ ಮತ್ತೆ. ಕೆಟ್ಟುಹೋಗತ್ತೆ."

"ಇಲ್ಲ ಇಲ್ಲ, ಮನೇಲೇ ಗಾಜಿದೆ, ಅದರ ಕೆಳಗೇ ಇಡ್ತೀನಿ" ಎಂದ ಗೆರೆಯಣ್ಣ. ಹೇಳುವಾಗ ಅದು ಸುಳ್ಳಾಗಿರಲಿಲ್ಲ. ಅವಳು ಕೇಳಿದಷ್ಟು ಕೊಟ್ಟು, ಬಸ್ಸಿನಲ್ಲಿ ಕೂತಿದ್ದಷ್ಟು ಹೊತ್ತೂ ರೆಕಾರ್ಡನ್ನು ತೊಡೆಯ ಮೇಲೆ ಮಗುವಿನಂತೆ ಮಲಗಿಸಿಕೊಂಡು ಬಂದ.

ಎರಡು ದಿನ ಅದು ಗಾಜಿನ ಕೆಳಗೆ ಇತ್ತು. ಮೂರನೆಯ ದಿನ ಅವನು ತೆಗೆದು ನೋಡಿದ. ಹಾಗೇ ಇತ್ತು. ಬೆಳಿಗ್ಗೆ ಅಕ್ಕನ ಮನೆಗೆ ಹೋದಾಗ ಅವಳು ಸ್ಲೇಟಿನಲ್ಲಿ, 'ಏನು ಮುಚ್ಚಿಡ್ತಿದೀಯ? ಕಳ್ಳನ ಮುಖ' ಎಂದು ಬರೆದಿದ್ದಳು. ಅವಳ ಕತ್ತಿನ ಬಟ್ಟೆ ಉಸಿರಿಗೆ ಏಳುತ್ತ ಇಳಿಯುತ್ತ ಇತ್ತು. ಮೂರು ತಿಂಗಳು ಯಾರು ಕಂಡವರು, ಎನಿಸಿತು ಅವನಿಗೆ. ಮೇಲಾಗಿ, ಮೂವತ್ತು ವರ್ಷದ ಕೈ ಇದು. ಜರಿ ಸುಡದ ಹಾಗೆ ಜರಿ ಸೀರೆಗೆ, ಕರಗದ ಹಾಗೆ ನೈಲಾನಿಗೆ ಇಸ್ತ್ರಿ ಮಾಡಿದ ಕೈ. ಪದಬಂಧ ತುಂಬುವ ಹೆಂಗಸಿಗೆ ಶಾಖದ ವಿಷಯ ಏನು ಗೊತ್ತು?

ಅಯ್ಯೋ ಪುಣ್ಯಾತ್ಮ, ಎಂದು ನಾವು ನೀವು ಇಲ್ಲಿ ಕೂತು ಕೂಗಿದರೆ ಅವನಿಗೆ ಕೇಳಿಸುತ್ತದೆಯೇ?

ರೆಕಾರ್ಡನ್ನು ಲಾಂಡ್ರಿಗೆ ಒಯ್ದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನು ಮೇಜಿನ ಮೇಲೆ ಹೊಸ ಬಿಳಿಬಟ್ಟೆ ಹಾಸಿದ. ಅದರ ಮೇಲೆ ರೆಕಾರ್ಡು, ಎರಡನೆಯ ಮಗ್ಗುಲು ಮೇಲಾಗಿ. ಮೇಲೆ ಎರಡು ಮಡಿಕೆಯ ಇನ್ನೊಂದು ಬಟ್ಟೆ. ಪೆಟ್ಟಿಗೆಯ ಶಾಖವನ್ನು ರೇಷ್ಮೆಗಿಂತ ಕೆಳಗೆ ಇಳಿಸಿದ. ಬೆರಳಿಗೆ ಎಂಜಲು ಹಚ್ಚಿ ಮುಟ್ಟಿಸಿದ, ಚುಸ್ ಎನ್ನಲೇ ಇಲ್ಲ. ಸರಿ, ಇದೇ ಹದ. ನಡುವನ್ನು ಮುಟ್ಟದೆ, ಎದ್ದುನಿಂತ ಅಂಚಿನ ಗುಂಟ ಮಾತ್ರ, ಕಾಲರಿಗೆ ಮಾಡುವ ಹಾಗೆ ತುದಿಯಿಂದ ಒಳಕ್ಕೆ ಮೆಲ್ಲಗೆ ಒತ್ತುತ್ತ ಒಂದು ಸುತ್ತು ಬಂದ. ಉಬ್ಬು ಕೈಕೆಳಗೆ ಕೂರುವುದು ಅವನಿಗೆ ಗೊತ್ತಾಯಿತು. ಕೂತಿತು! ಇನ್ನೊಂದು ಸುತ್ತು. ಬಟ್ಟೆಯ ಮೇಲೆ ಅಂಗೈ ಸವರಿದ. ಊಟದ ತಟ್ಟೆಯ ಹಾಗೆ ಚಪ್ಪಟೆ. ಖುಷಿಗೆ ಅವನು ಒಬ್ಬನೇ ಗಟ್ಟಿಯಾಗಿ ನಕ್ಕುಬಿಟ್ಟ.

ಬಟ್ಟೆ ಎತ್ತಿದ. ಅದು ಸ್ವಲ್ಪ ಅಂಟಿಕೊಂಡು, ಚರ್ ಎಂದು ಬಿಟ್ಟುಕೊಂಡಿತು.

ರೆಕಾರ್ಡಿನ ಹೊರಗಿನ ಮೂರು ಬೆರಳಗಲದಲ್ಲಿ ಹಾಡನ್ನು ಹಿಡಿದಿಟ್ಟಿದ್ದ ಸಣ್ಣ ಗೆರೆಗಳು ಒಂದೂ ಉಳಿದಿರಲಿಲ್ಲ. ಅದರ ಬದಲು ಹತ್ತಿಬಟ್ಟೆಯ ನೇಯ್ಗೆ, ಎಳೆ ಎಳೆಯಾಗಿ, ಅಚ್ಚೊತ್ತಿ ಮೂಡಿತ್ತು. ಗೆರೆ ಮೂಡಿಸಿ ಹೆಸರು ಮಾಡಿದವನು ಗೆರೆಯನ್ನೇ ಅಳಿಸಿಹಾಕಿದ್ದ. ಊಟ ಮುಗಿಸಿ ಬಂದವರು ನೋಡಿದಾಗ ಗೆರೆಯಣ್ಣ ಬೆಡ್‌ಶೀಟುಗಳ ಗುಡ್ಡೆಯ ಮೇಲೆ ಮುಖ ಮುಚ್ಚಿಕೊಂಡು ಬಿದ್ದಿದ್ದ. ಹೊಟ್ಟೆನೋವು ಎಂದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅರ್ಧ ದಿನ ರಜೆ ಹಾಕಿದ.

ಅವನು ಮನೆಗೆ ಹೋಗಲಿಲ್ಲ. ಸೇತುವೆಯ ಕೆಳಗಿನ ಅಂಗಡಿಗೆ ಹೋದ. ಅಂಗಡಿಯಾಕೆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇಸ್ತ್ರಿ ಮಾಡಿದ್ರಾ?"

"ಹೂಂ."

"ರೆಕಾರ್ಡಿಗೆ?"

"ಹೂಂ ಮೇಡಂ."

ಅವಳ ಬಾಯಿಗೆ ಬೈಗಳು ಬಂದಿತ್ತು, ಆದರೆ ಅವನ ಮುಖ ನೋಡಿ ನುಂಗಿಕೊಂಡಳು. ಒಂದು ಪುಟ್ಟ ಪೆಟ್ಟಿಗೆಯಂಥ ಪ್ಲೇಯರ್ ತೆರೆದು ರೆಕಾರ್ಡು ಹಾಕಿ ಮುಳ್ಳು ಇಟ್ಟಳು. ಒಂದನೆಯ ಹಾಡಿನ ಜಾಗದಲ್ಲಿ ಎಣ್ಣೆಗೆ ನೀರು ಬಿದ್ದಂಥ ಸದ್ದು. ಎರಡನೆಯದರಲ್ಲೂ ಅದೇ. ಮೂರನೆಯದಕ್ಕೆ ಮುಳ್ಳು ಸರಿಸಿದಾಗ ಗಿಟಾರು ಕೇಳಿಸಿತು, ಸ್ವಚ್ಛವಾಗಿ.

"ಒಳಗಿನ ಎರಡು ಹಾಡು ಉಳಿದಿದೆ. ಈಗ ತಟ್ಟೆ ಚಪ್ಪಟೆ ಆಗಿರೋದ್ರಿಂದ ಮುಳ್ಳೂ ಕುಪ್ಪಳಿಸ್ತಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಇಸ್ತ್ರಿ ಚೆನ್ನಾಗೇ ಇದೆ" ಎಂದಳು. ಅವನು ನಗಲಿಲ್ಲ. "ಯಾವ ಹಾಡು ಬೇಕಿತ್ತು ನಿಮಗೆ?"

"ಮೊದಲನೇದು" ಎಂದ.

ಅವಳು ಪ್ಲೇಯರಿನ ಮುಚ್ಚಳ ಹಾಕಿ, ಅವನ ಕೈಗೇ ಕೊಟ್ಟಳು. "ತಗೊಂಡು ಹೋಗಿ. ಆಮೇಲೆ ವಾಪಸ್ ತಂದುಕೊಡಿ. ಅಕ್ಕನಿಗೆ ಇರೋದು ಇದ್ದ ಹಾಗೆ ಹೇಳಿಬಿಡಿ, ಮುಚ್ಚಿಡಬೇಡಿ."

ಚಪ್ಪಲಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುವಾಗ ಅವನಿಗೆ ಪ್ರತಿ ಮೆಟ್ಟಿಲೂ ಎರಡಾದಂತಿತ್ತು. ಅಕ್ಕ ಕಿಟಕಿಯ ಹತ್ತಿರ ಕೂತು ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡುತ್ತಿದ್ದಳು. ತಮ್ಮ ಹೊತ್ತಲ್ಲದ ಹೊತ್ತಿನಲ್ಲಿ, ಕಂಕುಳಲ್ಲೊಂದು ಕೈಯಲ್ಲೊಂದು ಹೊತ್ತುಕೊಂಡು ಬಂದದ್ದನ್ನು ನೋಡಿ ಹುಬ್ಬೇರಿಸಿದಳು. ಅವನು ಕವರನ್ನು ಅವಳ ಮಡಿಲಲ್ಲಿಟ್ಟ. ಅವಳು ನೋಡಿದಳು. ಚಿತ್ರದಂಚಿನ ಅರ್ಧ ಮುಖದ ಮೇಲೆ ಬೆರಳಿಟ್ಟು ಹಾಗೇ ಕೂತಳು.

"ಅಕ್ಕ, ನಾನು ಹಾಳುಮಾಡಿಬಿಟ್ಟೆ" ಎಂದ ಗೆರೆಯಣ್ಣ. ಒಂದು ಸಲ ಶುರುಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. "ಮೊದಲೂ ನಾನೇ ಹಾಳುಮಾಡಿದ್ದು, ಈಗಲೂ ನಾನೇ. ನಿನ್ನ ದನಿ ನಂಗೆ ನೆನಪಾಗ್ತಿಲ್ಲ ಅಕ್ಕ. ಎಷ್ಟು ಯೋಚನೆ ಮಾಡಿದ್ರೂ ಬರ್ತಿಲ್ಲ. ಅದಕ್ಕೇ ಹುಡುಕಿ ತಂದೆ. ಸೊಟ್ಟ ಇತ್ತು ಅಂತ ಇಸ್ತ್ರಿ ಮಾಡಿದೆ. ನಿನ್ನ ಸಾಲು ಸುಟ್ಟುಹೋಯ್ತು. ಹೊಡಿ ಬೇಕಾದ್ರೆ ಎರಡು, ಬೈ ಬೇಕಾದ್ರೆ. ಹೋಗ್ಲಿ ಬಿಡು ಅಂತ ಮಾತ್ರ ಬರೀಬೇಡ." ಗಂಡಸು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಅಕ್ಕನ ಭುಜ ಅಲ್ಲಾಡತೊಡಗಿತು. ಅವಳೂ ಅಳುತ್ತಿದ್ದಾಳೆ ಎಂದುಕೊಂಡ ಅವನು. ಮುಖ ಎತ್ತಿ ನೋಡಿದರೆ, ನಗುತ್ತಿದ್ದಳು! ಸದ್ದಿಲ್ಲದ ನಗು, ಕಣ್ಣಲ್ಲಿ ನೀರು ಬರುವಷ್ಟು. ಸ್ಲೇಟು ತೆಗೆದುಕೊಂಡು ಬರೆದಳು.

'ಅದು ನಾನಲ್ಲ.'

ಅವನಿಗೆ ಅರ್ಥವಾಗಲಿಲ್ಲ. ಅವಳು ಒರೆಸಿ, ಒರೆಸಿ, ಬರೆಯುತ್ತ ಹೋದಳು. ಅವನು ಓದುತ್ತ ಹೋದ. 'ಆ ಸಾಲು ನಂಗೇ ಕೊಟ್ಟಿದ್ರು. ಅವತ್ತು ಭಯಕ್ಕೆ ಗಂಟಲು ಕಟ್ಟಿಹೋಯ್ತು. ಮೂರು ಸಲ ತಪ್ಪಿದೆ. ಆಮೇಲೆ ಕೋರಸ್ಸಿನ ಆ ಉದ್ದ ಹುಡುಗಿ ಹತ್ರ ಹಾಡಿಸಿದ್ರು.' ಒರೆಸಿದಳು. 'ಮನೆಗೆ ಬರೋ ಹೊತ್ತಿಗೆ ಅಮ್ಮ ಬೀದಿಗೆಲ್ಲ ಹೇಳಿ ಆಗಿತ್ತು. ಹೇಗೆ ಹೇಳ್ಲಿ?'

"ಆದ್ರೆ ಅಮ್ಮಂಗೆ ಗೊತ್ತಾಗಲ್ವಾ? ಹೆತ್ತವಳಿಗೆ?"

'ದನಿ ಬೇರೆ ಥರ ಇದೆಯಲ್ಲೇ ಅಂದಳು. ಮೈಕಲ್ಲಿ ಹಾಗೇ ಕೇಳೋದು ಅಂದೆ.' ಮತ್ತೆ ಭುಜ ಅಲ್ಲಾಡಿತು. 'ಹನ್ನೆರಡು ವರ್ಷ ಅಡುಗೆಮನೇಲಿ ಬಚ್ಚಿಟ್ಕೊಂಡೆ. ನೀನು ಗುಜರಿಗೆ ಹಾಕಿದ ದಿನ ನಂಗೆ ಎಷ್ಟು ನಿರಾಳ ಆಯ್ತು ಗೊತ್ತಾ, ದಡ್ಡ?'

ಗೆರೆಯಣ್ಣ ನೆಲದ ಮೇಲೆ ಕೂತುಬಿಟ್ಟ. ಇಪ್ಪತ್ತೇಳು ವರ್ಷ! ಆ ಸಾಲು ಸುಡದೆ ಉಳಿದಿದ್ದರೆ ಅವನು ಯಾವಳೋ ಉದ್ದ ಹುಡುಗಿಯ ದನಿಯನ್ನು ಅಕ್ಕನದೆಂದು ಎದೆಗೊತ್ತಿಕೊಂಡು, ಸಾಯುವವರೆಗೂ ಅದನ್ನೇ ಕೇಳುತ್ತಿದ್ದ. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಇನ್ನೊಂದು ಯೋಚನೆ ಬಂತು.

"ಹಾಗಾದ್ರೆ ನಿನ್ನ ದನಿ ಇದರಲ್ಲಿ ಎಲ್ಲೂ ಇಲ್ವಾ?"

ಅಕ್ಕ ಬೆರಳು ಎತ್ತಿದಳು, ಇರು ಎಂದು. 'ಕೋರಸ್ಸಲ್ಲಿದೀನಿ. ಎಲ್ಲಾ ಹಾಡಲ್ಲೂ.'

ಅವನು ಪ್ಲೇಯರ್ ತೆರೆದು ಮೂರನೆಯ ಹಾಡಿಗೆ ಮುಳ್ಳಿಟ್ಟ. ಗಿಟಾರು, ಡ್ರಮ್ಮು, ಒಬ್ಬ ಹುಡುಗನ ಎಳೆ ಗಂಟಲು. ಆಮೇಲೆ ಹಿಂದಿನಿಂದ ಹುಡುಗಿಯರು: 'ಹೋಗೋಣ ಬಾ, ಹೋಗೋಣ ಬಾ, ಹಗಲಿದ್ದಾಗಲೇ ಹೋಗೋಣ ಬಾ.' ಅಕ್ಕ ಪ್ರತಿ ಸಲವೂ ತನ್ನ ಎದೆ ಮುಟ್ಟಿ ತೋರಿಸಿದಳು, ಇಲ್ಲಿ, ಇದು ನಾನು. ಗೆರೆಯಣ್ಣ ಕಿವಿಯನ್ನು ಪ್ಲೇಯರಿಗೇ ಒತ್ತಿದ. ಮೂರು ದನಿ ಒಂದೇ ಜಡೆಯ ಹಾಗೆ ಹೆಣೆದುಕೊಂಡಿದ್ದವು. ಯಾವ ಎಳೆ ಯಾರದೆಂದು ಬಿಡಿಸಲಾಗಲಿಲ್ಲ.

"ಗೊತ್ತಾಗ್ತಿಲ್ಲ ಅಕ್ಕ. ಮೂರೂ ಒಂದೇ ಥರ ಕೇಳತ್ತೆ."

ಮತ್ತೆ ಹಾಕಿದ. ಮತ್ತೆ ಗೊತ್ತಾಗಲಿಲ್ಲ. ಅವನು ಸೋತವನಂತೆ ತಲೆ ಅಲ್ಲಾಡಿಸಿದ. ದನಿ ಅಲ್ಲೇ ಇತ್ತು, ಕೈಗೆಟುಕುವಷ್ಟು ಹತ್ತಿರ, ಆದರೆ ಅವನಿಗೆ ಸಿಗುತ್ತಿರಲಿಲ್ಲ.

ಅಕ್ಕ ಅವನ ಮುಖ ನೋಡಿದಳು. ಸ್ಲೇಟನ್ನು ಪಕ್ಕಕ್ಕಿಟ್ಟಳು. ಕುರ್ಚಿಯನ್ನು ಅವನ ಎದುರಿಗೆ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಕೈ ಚಾಚಿ ತಾನೇ ಮುಳ್ಳನ್ನು ಎತ್ತಿ ಹಾಡಿನ ಮೊದಲಿಗೆ ಇಟ್ಟಳು. ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ದನಿ ಹೋದ ದಿನದಿಂದ ಅವಳು ಸುಮ್ಮನೆ ತುಟಿ ಆಡಿಸಿ ಮಾತಾಡಿದವಳಲ್ಲ, ಅದು ಅವಳಿಗೆ ಅವಮಾನ. ಆದರೆ ಕೋರಸ್ ಬರುವ ಹೊತ್ತಿಗೆ ಬಾಯಿ ತೆರೆದಳು.

ಅವಳ ತುಟಿ 'ಹೋಗೋಣ' ಎಂದಿತು, ಉಳಿದಿಬ್ಬರಿಗಿಂತ ಒಂದು ಕ್ಷಣ ತಡವಾಗಿ. 'ಬಾ' ಎಂಬುದನ್ನು ಅವರು ಬಿಟ್ಟ ಮೇಲೂ ಎಳೆದುಕೊಂಡೇ ಇತ್ತು. ಕತ್ತಿನ ಬಟ್ಟೆ ಆ ಉದ್ದಕ್ಕೆ ಸರಿಯಾಗಿ ಉಬ್ಬಿ ನಿಂತಿತು. ಗೆರೆಯಣ್ಣ ಅವಳ ಬಾಯನ್ನೇ ನೋಡುತ್ತ ಕೇಳಿದ. ಒಂದನೆಯ ಸಲ ಏನೂ ಆಗಲಿಲ್ಲ. ಎರಡನೆಯ ಸಲ, ಆ ತಡವಾದ ಜಾಗದಲ್ಲಿ, ಉಳಿದೆರಡರ ಕೆಳಗಿನಿಂದ ಒಂದು ದನಿ ಬೇರೆಯಾಗಿ ಎದ್ದು ಬಂತು. ತಗ್ಗಿನ ದನಿ. ಸ್ವಲ್ಪ ಒರಟು, ಮೂಗಿನಲ್ಲಿ ಒಂದಿಷ್ಟು ನಿಂತು ಬರುವಂಥದು. ಅದು ಪೆಟ್ಟಿಗೆಯಿಂದ ಬರಲಿಲ್ಲ. ಅಕ್ಕನ ಬಾಯಿಂದ ಬಂತು. ಅವನಿಗೆ ಜ್ವರ ಬಂದಾಗ ಹಣೆ ಮುಟ್ಟಿ ಮಾತಾಡಿಸಿದ ದನಿ, ಆಟದ ಬಯಲಿನಿಂದ ಊಟಕ್ಕೆ ಕೂಗಿದ ದನಿ, ಅಮ್ಮ ಹೋದ ದಿನ 'ನಾನಿದೀನಲ್ಲೋ' ಎಂದ ದನಿ, ಅದೇ, ಅಯ್ಯೋ ಅದೇ. ಅವನು ಅವಳ ಎರಡೂ ಕೈ ಹಿಡಿದುಕೊಂಡ.

ಹಾಡು ಮುಗಿಯಿತು. ಅಕ್ಕ ಬಾಯಿ ಮುಚ್ಚಿದಳು. ಏನಾಯಿತು, ಸಿಕ್ಕಿತಾ ಎಂಬಂತೆ ಹುಬ್ಬು ಎತ್ತಿ ಕೇಳಿದಳು. ಗೆರೆಯಣ್ಣ ತಲೆ ಆಡಿಸಿದ.

"ಇನ್ನೊಂದ್ ಸಲ ಹಾಡು ಅಕ್ಕ" ಎಂದ.

ಅಕ್ಕ ಮುಳ್ಳನ್ನು ಎತ್ತಿ ಹಿಂದ‍ಕ್ಕಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಹಾಡಿದಳು.